ಹೊಲಿಗೆಯ ಬದಲು ಬೆಸುಗೆ: ಬದಿಯಡ್ಕದ ಆಚಾರ್ಯರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರ ಚಿನ್ನದ ಕೆಲಸ ಮಾಡುತ್ತೇನೆ. ನನ್ನ ಮಗನಿಗೆ 14 ತಿಂಗಳು. ಹುಟ್ಟುವಾಗಲೇ ಅವನ ಮೂತ್ರದ್ವಾರ ತುದಿಯಲ್ಲಿರದೆ ಸ್ವಲ್ಪ ಕೆಳಗಿದೆ. ಇದನ್ನು ಹೈಪೋಸ್ಪೇಡಿಯಸ್ ಎನ್ನುತ್ತಾರಂತೆ. ಶಸ್ತ್ರಚಿಕಿತ್ಸೆ ಆಗಬೇಕೆಂದು ಮಂಗಳೂರಿನ ವೈದ್ಯರು ಹೇಳಿದ್ದಾರೆ. ಈ ನಡುವೆ ನನ್ನ ಭಾವ ಮೊಬೈಲಿಗೆ ಒಂದು ಬರಹ ಕಳುಹಿಸಿದರು. ಪ್ರೋಟೀನಿನ ಬೆಸುಗೆ ಹಚ್ಚಿ ಲೇಸರ್ ಹಾಯಿಸಿದರೆ ಹೊಲಿಗೆಯೇ ಬೇಡ, ಇಂಥ ಮಕ್ಕಳಿಗೂ ಹಾಗೆ ಮಾಡಿದ್ದಾರೆ ಎಂದು ಅದರಲ್ಲಿದೆ. ಬೆಸುಗೆ ನನ್ನ ಕಸುಬು. ಆದರೆ ಮಾಂಸಕ್ಕೆ ಬೆಸುಗೆ ಹಾಕುವುದು ಹೇಗೆಂದು ತಲೆಗೆ ಹೋಗುತ್ತಿಲ್ಲ. ಇದು ನಿಜವೇ? ನಮ್ಮ ಕಡೆ ಸಿಗುತ್ತದೆಯೇ, ಅದಕ್ಕಾಗಿ ಕಾಯಬೇಕೇ? ಆ ಪ್ರೋಟೀನನ್ನು ದನದ ರಕ್ತದಿಂದ ತೆಗೆಯುತ್ತಾರೆ ಎಂದು ಕೇಳಿ ನನ್ನ ತಾಯಿ ಬೇಡವೇ ಬೇಡ ಎನ್ನುತ್ತಿದ್ದಾರೆ.

ಉತ್ತರ: ಆಚಾರ್ಯರೇ, ಕೊನೆಗೆ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಲೇಸರಿಗಾಗಿ ಕಾಯಬೇಡಿ. ನಿಮ್ಮ ಭಾವನವರು ಕಳುಹಿಸಿದ್ದು ಸುಳ್ಳಲ್ಲ. ಪ್ರೋಟೀನಿನ ಲೇಪ ಹಚ್ಚಿ, ಲೇಸರಿನಿಂದ ಬಿಸಿಮಾಡಿ ಗಾಯದ ಅಂಚುಗಳನ್ನು ಕೂಡಿಸುವ ಕೆಲಸ ನಡೆದಿದೆ. ಇದೇ ತೊಂದರೆಯಿದ್ದ ಮಕ್ಕಳಲ್ಲಿಯೂ ನಡೆದಿದೆ, ಅದರ ಫಲಿತಾಂಶ ಪ್ರಕಟವಾಗಿ ಇಪ್ಪತ್ತು ವರ್ಷ ದಾಟಿದೆ. ಆದರೆ ಆಸ್ಪತ್ರೆಗಳ ದಿನನಿತ್ಯದ ಚಿಕಿತ್ಸೆಯಾಗಿ ಅದು ನೆಲೆಯೂರಲಿಲ್ಲ. ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ಮಾಡಿಸುವುದು ಒಳ್ಳೆಯದು. ನಿಮ್ಮ ಮಗ ಆ ಹೊತ್ತಿನಲ್ಲೇ ಇದ್ದಾನೆ. ಇನ್ನು ಮುಂದಿನದ್ದೆಲ್ಲ ನಿಮ್ಮ ಕುತೂಹಲಕ್ಕೆ ಮತ್ತು ನಿಮ್ಮ ತಾಯಿಯವರ ಸಮಾಧಾನಕ್ಕೆ.

ನಾನು ಮಕ್ಕಳ ಶಸ್ತ್ರಚಿಕಿತ್ಸಕ. ಹುಟ್ಟಿ ಬೆಳೆದದ್ದು ನೀರ್ಚಾಲಿನ ಕಡೆ. ತರಬೇತಿಯ ಕಾಲದಲ್ಲಿ ಎರಡು ವರ್ಷ ಒಂದು ಪ್ರಯೋಗಾಲಯದಲ್ಲಿ ಇದೇ ಲೇಪ, ಇದೇ ಲೇಸರ್ ಹಿಡಿದು ಕುಳಿತವನು. ಈ ವಿಷಯದ ಬಗ್ಗೆ ವೈದ್ಯರು ಕೇಳಿದ್ದಾರೆ, ಇಂಜಿನಿಯರುಗಳು ಕೇಳಿದ್ದಾರೆ. ಬೆಸುಗೆಯನ್ನೇ ಬದುಕಾಗಿಸಿಕೊಂಡವರು ಕೇಳಿದ್ದು ಇದೇ ಮೊದಲು. ಆದ್ದರಿಂದ ನಿಮ್ಮ ಕಸುಬಿನಿಂದಲೇ ಹೊರಡುತ್ತೇನೆ.

ಒಂದು ಬಳೆಯ ಎರಡು ತುದಿ ಕೂಡಿಸಬೇಕು. ನೀವು ತುದಿಗಳನ್ನು ಉಜ್ಜಿ, ಒಂದಕ್ಕೊಂದು ಒತ್ತಿ ಕೂರಿಸಿ, ಬಿಳಿಗಾರ ಹಚ್ಚಿ, ಬೆಸುಗೆಯ ಚೂರನ್ನು ಇಟ್ಟು, ಊದುಗೊಳವೆಯಿಂದ ಉರಿಯನ್ನು ತಿರುಗಿಸುತ್ತೀರಿ. ಅಪ್ಪಟ ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಡವೆಯ ಚಿನ್ನ ಅದಕ್ಕಿಂತ ಸ್ವಲ್ಪ ಕೆಳಗೆ ಕರಗುತ್ತದೆ, ಬೆಸುಗೆ ಅದಕ್ಕೂ ಕೆಳಗೆ. ಹಿಂದೆ ಕ್ಯಾಡ್ಮಿಯಂ ಬೆರೆಸಿದ್ದೂ ಇದೇ ಕಾರಣಕ್ಕೆ. ಕೆಡಿಎಂ ಎಂಬ ಹೆಸರು ಅಲ್ಲಿಂದಲೇ ಬಂತು, ಅದರ ಹೊಗೆ ನಿಮ್ಮ ಹಿರಿಯರ ಶ್ವಾಸಕೋಶಕ್ಕೆ ಏನು ಮಾಡಿತೆಂಬುದು ನಿಮಗೇ ಗೊತ್ತು. ಒಟ್ಟಿನಲ್ಲಿ ಬೆಸುಗೆ ಕರಗಿ ಹರಿದ ಮೇಲೂ ಬಳೆ ಕರಗದೆ ನಿಲ್ಲುವಂತೆ ಒಂದಿಷ್ಟು ಡಿಗ್ರಿಗಳ ಅಂತರ ನಿಮ್ಮ ಕೈಯಲ್ಲಿದೆ. ಆ ಅಂತರವೇ ನಿಮ್ಮ ಬಂಡವಾಳ.

ನಮ್ಮ ಬೆಸುಗೆ ಇದಕ್ಕೆ ತಲೆಕೆಳಗು. ಅದು ತಣ್ಣಗಿರುವಾಗ ದ್ರವ, ಬಿಸಿಯಾದರೆ ಗಟ್ಟಿ. ಮತ್ತೆ ಬಿಸಿಮಾಡಿದರೆ ಕರಗುವುದೂ ಇಲ್ಲ. ಹೀಗೆ ವರ್ತಿಸುವ ವಸ್ತು ಯಾವುದೆಂದು ಯಾರನ್ನು ಕೇಳಿದರೂ ಮೊಟ್ಟೆ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆಯಿದೆ, ಅದು ಗಿಣ್ಣು. ದನ ಕರು ಹಾಕಿದ ಮೊದಲ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿಟ್ಟರೆ ಅದು ಗಟ್ಟಿಯಾಗಿ ಕೂರುತ್ತದೆ, ಚಾಕುವಿನಿಂದ ಕತ್ತರಿಸಬಹುದು. ಅದೇ ದನದ ಹದಿನೈದನೇ ದಿನದ ಹಾಲನ್ನು ಎಷ್ಟು ಕುದಿಸಿದರೂ ಹಾಗೆ ಕೂರುವುದಿಲ್ಲ. ಸಾಮಾನ್ಯ ಹಾಲಿನಲ್ಲಿ ಹೆಚ್ಚಿಗೆ ಇರುವುದು ಕೇಸೀನ್. ಅದು ಬಿಸಿಗೆ ಸುಲಭವಾಗಿ ಬಗ್ಗುವುದಿಲ್ಲ. ಮೊದಲ ದಿನದ ಹಾಲಿನಲ್ಲಿ ಬೇರೆ ಜಾತಿಯ ಪ್ರೋಟೀನುಗಳು ತುಂಬಿರುತ್ತವೆ. ಅವು ಬಿಸಿಗೆ ಬಿಚ್ಚಿಕೊಂಡು, ಒಂದನ್ನೊಂದು ಹಿಡಿದು ಬಲೆಯಾಗುತ್ತವೆ. ಆ ಗುಂಪಿನಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಒಂದು ಪ್ರೋಟೀನಿನ ಹೆಸರು ಆಲ್ಬುಮಿನ್. ಲೇಸರ್ ಬೆಸುಗೆಯ ಮುಖ್ಯ ಸಾಮಗ್ರಿಯೂ ಅದೇ.

ನಮ್ಮ ರಕ್ತದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನು ಆಲ್ಬುಮಿನ್. 100 ಮಿಲಿಲೀಟರ್ ರಸಿಕೆಯಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ, 3.5ರಿಂದ 5 ಗ್ರಾಂ ಇರುತ್ತದೆ. 585 ಅಮೈನೊ ಆಮ್ಲಗಳ ಒಂದೇ ಸರ, ಅದನ್ನು ಮಡಿಚಿ ಮಡಿಚಿ ಉಂಡೆ ಮಾಡಿದೆ. ಉಂಡೆ ಬಿಚ್ಚದಂತೆ 17 ಗಂಧಕದ ಕೊಂಡಿಗಳಿವೆ. ನೀರನ್ನು ಒಲ್ಲದ ಭಾಗಗಳೆಲ್ಲ ಒಳಗೆ ಅಡಗಿರುವುದರಿಂದಲೇ ಅದು ರಕ್ತದಲ್ಲಿ ಆರಾಮವಾಗಿ ಕರಗಿರುತ್ತದೆ. ಬಿಸಿ ಸುಮಾರು 60 ಡಿಗ್ರಿ ದಾಟುತ್ತಿದ್ದಂತೆ ಮಡಿಕೆಗಳು ಸಡಿಲವಾಗುತ್ತವೆ. ಅಡಗಿದ್ದ ಭಾಗಗಳು ಹೊರಗೆ ಬಂದು ನೀರಿನಿಂದ ತಪ್ಪಿಸಿಕೊಳ್ಳಲು ಪಕ್ಕದ ಸರವನ್ನು ಅಪ್ಪಿಕೊಳ್ಳುತ್ತವೆ. ಗಂಧಕದ ಕೊಂಡಿಗಳಲ್ಲಿ ಕೆಲವು ತಮ್ಮ ಜೊತೆಗಾರರನ್ನು ಬಿಟ್ಟು ನೆರೆಯ ಸರದಲ್ಲಿ ಹೊಸ ಸಂಬಂಧ ಹುಡುಕಿಕೊಳ್ಳುತ್ತವೆ. ಹೀಗೆ ಹುಟ್ಟಿದ ಗಂಟು ಮತ್ತೆ ಬಿಚ್ಚದು. ಬೆಸುಗೆಗೆ ಬಳಸುವ ಲೇಪದಲ್ಲಿ ಈ ಆಲ್ಬುಮಿನ್ ರಕ್ತದಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು, ನೂರಕ್ಕೆ 50ರಷ್ಟು ಇರುತ್ತದೆ. ಕೈಗೆ ಜೇನಿನಂತೆ ಅಂಟುತ್ತದೆ. ತೆಳುವಾಗಿದ್ದರೆ ಗಾಯದಲ್ಲಿ ಒಸರುವ ರಕ್ತದೊಂದಿಗೆ ಹರಿದೇ ಹೋಗುತ್ತದೆ.

ಇನ್ನು ಮಾಂಸದ ಕಡೆ ಏನಾಗುತ್ತದೆ ನೋಡಿ. ಚರ್ಮ, ರಕ್ತನಾಳ, ಮೂತ್ರನಾಳ ಎಲ್ಲಕ್ಕೂ ಆಧಾರವಾಗಿರುವುದು ಕೊಲಾಜೆನ್ ಎಂಬ ನಾರು. ಮೂರು ಎಳೆಗಳನ್ನು ಹೊಸೆದು ಮಾಡಿದ ಹಗ್ಗದಂತಿರುತ್ತದೆ. 60–65 ಡಿಗ್ರಿಯ ಆಸುಪಾಸಿನಲ್ಲಿ ಈ ಹೊಸೆತ ಬಿಚ್ಚತೊಡಗಿ ನಾರು ಕುಗ್ಗುತ್ತದೆ. ಲೇಪದ ಆಲ್ಬುಮಿನ್ ಮಾಂಸದ ಸಂದುಗಳಿಗೆ ಇಳಿದು, ಅಲ್ಲಿ ಬೆಂದು, ಸಡಿಲಗೊಂಡ ಕೊಲಾಜೆನ್ ಎಳೆಗಳ ಜೊತೆ ಹೆಣೆದುಕೊಳ್ಳುತ್ತದೆ. ಜೋಡಣೆ ಆಗುವುದು ಅಲ್ಲಿ, ಲೇಪ ಮತ್ತು ಮಾಂಸ ಸೇರುವ ತೆಳು ಗಡಿಯಲ್ಲಿ. ಮೇಲಿನ ಲೇಪವೆಲ್ಲ ಬರೀ ಮುಚ್ಚಳ.

ಸಮಸ್ಯೆ ನಿಮಗೆ ಈಗಾಗಲೇ ಕಂಡಿರಬೇಕು. ನಿಮ್ಮ ಬೆಸುಗೆ ಚಿನ್ನಕ್ಕಿಂತ ಮೊದಲು ಕರಗುತ್ತದೆ. ನಮ್ಮ ಬೆಸುಗೆ ಮಾಂಸದ ಜೊತೆಯಲ್ಲೇ ಬೇಯುತ್ತದೆ. ನಿಮಗಿರುವ ಅಂತರ ನಮಗಿಲ್ಲ. ಬಿಸಿ ಸ್ವಲ್ಪ ಕಡಿಮೆಯಾದರೆ ಲೇಪ ಹಸಿಯಾಗಿ ಉಳಿದು ಜಾರುತ್ತದೆ. ಸ್ವಲ್ಪ ಹೆಚ್ಚಾದರೆ ಗಾಯದ ಅಂಚಿನ ಜೀವಕೋಶಗಳು ಸಾಯುತ್ತವೆ, ಮತ್ತು ಮಾಯಿಸಬೇಕಾದವರು ಆ ಜೀವಕೋಶಗಳೇ. ಸತ್ತ ಅಂಚುಗಳನ್ನು ಎಷ್ಟು ಚೆನ್ನಾಗಿ ಅಂಟಿಸಿದರೂ ವಾರದ ನಂತರ ಅವು ಕಳಚಿಬೀಳುತ್ತವೆ. ಬಿಸಿ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಕ್ಷಣ ತಡೆದುಕೊಳ್ಳುವ ಬಿಸಿಯನ್ನೇ ಹತ್ತು ಕ್ಷಣ ಕೊಟ್ಟರೆ ಮಾಂಸ ಬೆಂದುಹೋಗುತ್ತದೆ. ಈ ವಿದ್ಯೆಯಲ್ಲಿ ನಡೆದಿರುವ ಪ್ರಯತ್ನವೆಲ್ಲ ಒಂದೇ ಗುರಿಯದು. ಬಿಸಿ ಲೇಪದಲ್ಲಿ ಹುಟ್ಟಿ, ಗಡಿಯವರೆಗೆ ಮಾತ್ರ ಹೋಗಿ, ಅಲ್ಲೇ ನಿಲ್ಲಬೇಕು.

ಲೇಸರ್ ಬಂದದ್ದು ಅದಕ್ಕಾಗಿಯೇ, ಚಮತ್ಕಾರಕ್ಕಾಗಿ ಅಲ್ಲ. ಕತ್ತಲಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳುಗಳು ಕೆಂಪಗೆ ಕಾಣುತ್ತವೆ. ಹಸಿರು, ನೀಲಿ ಬೆಳಕನ್ನು ರಕ್ತ ನುಂಗುತ್ತದೆ, ಕೆಂಪು ಹಾಯ್ದು ಬರುತ್ತದೆ. ಕೆಂಪಿನಿಂದ ಇನ್ನೂ ಸ್ವಲ್ಪ ಆಚೆ, ಕಣ್ಣಿಗೆ ಕಾಣದ 800 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತ, ರಕ್ತವೂ ನೀರೂ ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ. ಮಾಂಸ ಹೀರದ ಈ ಬೆಳಕನ್ನು ಲೇಪ ಮಾತ್ರ ಹೀರುವಂತೆ ಮಾಡಿದರೆ ಬಿಸಿ ಲೇಪದಲ್ಲೇ ಹುಟ್ಟುತ್ತದಲ್ಲವೇ? ಅದಕ್ಕಾಗಿ ಇಂಡೊಸಯನಿನ್ ಗ್ರೀನ್ ಎಂಬ ಕಡುಹಸಿರು ಬಣ್ಣವನ್ನು ಬೆರೆಸುತ್ತಾರೆ. ಇದು ಹೊಸ ವಸ್ತುವಲ್ಲ. ಅಮೆರಿಕದಲ್ಲಿ 1959ರಲ್ಲೇ ರೋಗಿಗಳಲ್ಲಿ ಬಳಸಲು ಅನುಮತಿ ಸಿಕ್ಕಿತ್ತು. ಪಿತ್ತಜನಕಾಂಗದ ಕೆಲಸ ಅಳೆಯಲು, ಕಣ್ಣಿನ ಒಳನಾಳಗಳನ್ನು ನೋಡಲು ಇದನ್ನು ರಕ್ತನಾಳಕ್ಕೇ ಚುಚ್ಚುತ್ತಾರೆ. ರಕ್ತಕ್ಕೆ ಹೋದೊಡನೆ ಅದು ಆಲ್ಬುಮಿನ್ನಿಗೇ ಅಂಟಿಕೊಳ್ಳುತ್ತದೆ, ಅಂಟಿಕೊಂಡಾಗ ಅದು ಅತಿ ಹೆಚ್ಚು ಹೀರುವ ಬೆಳಕು ಸುಮಾರು 805 ನ್ಯಾನೋಮೀಟರಿನದು. ಅಗ್ಗದ ಡಯೋಡ್ ಲೇಸರುಗಳು ಕೊಡುವುದು 808. ಇಷ್ಟು ಚೆನ್ನಾಗಿ ಕೂಡಿಬರುವ ಜಾತಕ ಅಪರೂಪ. ಒಂದೇ ಕೊರತೆ, ಬೆಳಕಿನಲ್ಲಿ, ನೀರಿನಲ್ಲಿ ಈ ಬಣ್ಣ ಬೇಗ ಕೆಡುತ್ತದೆ. ಲೇಪವನ್ನು ಆಗಾಗ ಹೊಸದಾಗಿ ಕಲಸಿ, ಬೆಳಕು ತಾಗದಂತೆ ಮುಚ್ಚಿಡಬೇಕು.

ಲೇಸರಿನ ಶಕ್ತಿ ಎಷ್ಟೆಂದು ಕೇಳಿದರೆ ನಗು ಬರಬಹುದು: ಅರ್ಧ ವಾಟ್. ನಿಮ್ಮ ಜಗಲಿಯ ಎಲ್‌ಇಡಿ ಬಲ್ಬ್ 9 ವಾಟ್ ಇರುತ್ತದೆ. ಆದರೆ ಆ ಅರ್ಧ ವಾಟನ್ನು ಎರಡು ಮಿಲಿಮೀಟರ್ ಅಗಲದ ಚುಕ್ಕೆಯಲ್ಲಿ ಕೂಡಿಸಿದರೆ ಚದರ ಸೆಂಟಿಮೀಟರಿಗೆ 16 ವಾಟ್ ಬೀಳುತ್ತದೆ. ನಡುಮಧ್ಯಾಹ್ನದ ಬಿಸಿಲು ಚದರ ಸೆಂಟಿಮೀಟರಿಗೆ ಕೊಡುವುದು ವಾಟಿನ ಹತ್ತನೇ ಒಂದು ಭಾಗ. ಅದರ 160 ಪಟ್ಟು ಈ ಚುಕ್ಕೆಯಲ್ಲಿದೆ. ಕಣ್ಣಿಗೆ ಕಾಣದ ಬೆಳಕಾದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಕೋಣೆಯಲ್ಲಿದ್ದವರೆಲ್ಲ ವಿಶೇಷ ಕನ್ನಡಕ ಹಾಕಲೇಬೇಕು.

ಈಗ ನನ್ನ ಸ್ವಂತ ಮೂರ್ಖತನದ ಕಥೆ. ಪ್ರಯೋಗಾಲಯದ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಯಿಂದ ತಂದ ಆಡಿನ ಕರುಳನ್ನು ಸೀಳಿ ಬೆಸುಗೆ ಹಾಕುವುದು ನನ್ನ ಕೆಲಸವಾಗಿತ್ತು. ಹಸಿರು ಲೇಪ ಬೆಂದಂತೆ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಅದನ್ನೇ ನೋಡಿಕೊಂಡು ಲೇಸರ್ ಸರಿಸಬೇಕು. ಒಂದು ಸಂಜೆ ಎಲ್ಲ ತುಂಡುಗಳೂ ಅಂದವಾಗಿ ಬಿಳಿಚಿದವು. ಗುರುಗಳಿಗೆ ತೋರಿಸಿ, ಉಪ್ಪುನೀರಿನಲ್ಲಿ ಹಾಕಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಬೆಂದ ಲೇಪ ಹಪ್ಪಳದಂತೆ ಎದ್ದು ನೀರಿನಲ್ಲಿ ತೇಲುತ್ತಿತ್ತು. ಅಡಿಭಾಗ ಹಸಿರಾಗಿಯೇ ಉಳಿದಿತ್ತು. ಜೋಡಣೆ ಚೆನ್ನಾಗಿ ಬರಲೆಂದು ನಾನು ಬಣ್ಣವನ್ನು ಸ್ವಲ್ಪ ಹೆಚ್ಚೇ ಹಾಕಿದ್ದೆ. ಬೆಳಕನ್ನೆಲ್ಲ ಮೇಲ್ಪದರವೇ ಹೀರಿಬಿಟ್ಟು ತಳಕ್ಕೆ ಏನೂ ಮುಟ್ಟಿರಲಿಲ್ಲ. ಸರಿ, ತಳ ಬೇಯಲೆಂದು ಮರುದಿನ ಶಕ್ತಿ ಏರಿಸಿದೆ. ಮೇಲ್ಪದರ ಕರಿಕಾಗಿ ಹೊಗೆ ಎದ್ದಿತು. ಒಮ್ಮೆ ಕರಿ ಹಿಡಿದರೆ ಆ ಕರಿಯೇ ಇನ್ನಷ್ಟು ಬೆಳಕು ಹೀರುತ್ತದೆ, ಅಲ್ಲಿಂದ ಮುಂದೆ ಅದನ್ನು ನಿಲ್ಲಿಸುವವರಿಲ್ಲ.

ನಿಮಗೆ ಇದು ಗೊತ್ತಿರುವ ವಿಷಯವೇ. ಉರಿಯನ್ನು ಬೆಸುಗೆಯ ಚೂರಿಗೇ ಹಿಡಿದು ಬಳೆಯನ್ನು ತಣ್ಣಗೆ ಬಿಟ್ಟರೆ ಬೆಸುಗೆ ಗುಂಡಾಗಿ ಉರುಳುತ್ತದೆಯೇ ಹೊರತು ಹರಿಯುವುದಿಲ್ಲ. ನೀವು ಬಳೆಯನ್ನು ಕಾಯಿಸುತ್ತೀರಿ, ಬೆಸುಗೆ ತಾನಾಗಿ ಬಿಸಿಯ ಕಡೆಗೆ ಓಡುತ್ತದೆ. ನಾವು ಬಳೆಯನ್ನು ಕಾಯಿಸುವಂತೆಯೇ ಇಲ್ಲ. ಆದ್ದರಿಂದ ಲೇಪದ ದಪ್ಪ, ಬಣ್ಣದ ಪ್ರಮಾಣ, ಶಕ್ತಿ, ಕ್ಷಣಗಳ ಲೆಕ್ಕ ಎಲ್ಲವನ್ನೂ ಒಟ್ಟಿಗೆ ತೂಗಬೇಕಾಗುತ್ತದೆ. ಕೆಲವರು ದ್ರವದ ಬದಲು ಮೊದಲೇ ಒಣಗಿಸಿದ ಆಲ್ಬುಮಿನ್ ಪಟ್ಟಿಗಳನ್ನು ಮಾಡಿದರು. ದಪ್ಪ ಎಲ್ಲೆಡೆ ಒಂದೇ ಇರುತ್ತದೆ, ಒದ್ದೆ ಗಾಯದಲ್ಲಿ ಬೇಗ ಕರಗುವುದಿಲ್ಲ. ಪಟ್ಟಿಗೆ ಮಾತ್ರ ಬಳುಕುವ ಗುಣ ಕಡಿಮೆ, ಸುತ್ತಿದರೆ ಬಿರಿಯುತ್ತದೆ.

ನೀವು ಉರಿಯ ಬಣ್ಣ, ಲೋಹದ ಕೆಂಪು ನೋಡಿ ಬಿಸಿ ಅಳೆಯುತ್ತೀರಿ. 65 ಡಿಗ್ರಿಯ ಮಾಂಸ ಕೆಂಪಗೆ ಹೊಳೆಯುವುದಿಲ್ಲ. ಆದರೆ ಕಣ್ಣಿಗೆ ಕಾಣದ ಶಾಖಕಿರಣವನ್ನು ಅದೂ ಹೊರಸೂಸುತ್ತದೆ. ಇದನ್ನು ಹಿಡಿದವರು ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಅಬ್ರಹಾಂ ಕಾಟ್ಸಿರ್ ಮತ್ತು ಸಂಗಡಿಗರು. ಗಾಜಿನ ಎಳೆಯಲ್ಲಿ ಈ ಕಿರಣ ಹಾಯದು. ಅವರು ಬೆಳ್ಳಿಯ ಕ್ಲೋರೈಡ್, ಬ್ರೋಮೈಡ್ ಲವಣಗಳಿಂದ ಎಳೆ ಎಳೆದರು. ಒಂದು ಬೆಳ್ಳಿಯೆಳೆಯಲ್ಲಿ ಲೇಸರ್ ಹೋಗುತ್ತದೆ, ಇನ್ನೊಂದರಲ್ಲಿ ಗಾಯದ ಶಾಖಕಿರಣ ಮರಳಿ ಬರುತ್ತದೆ. ಯಂತ್ರ ಅದನ್ನು ಓದಿ ಲೇಸರನ್ನು ಏರಿಸಿ ಇಳಿಸಿ ಬಿಸಿಯನ್ನು 65 ಡಿಗ್ರಿಯ ಬಳಿ ಕಟ್ಟಿಹಾಕುತ್ತದೆ. ಅವರದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು ನೀರೇ ಹೀರುವುದರಿಂದ ಹಸಿರು ಬಣ್ಣವೂ ಬೇಡ. ಪಿತ್ತಕೋಶ ತೆಗೆದ ರೋಗಿಗಳ ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಕೊಯ್ತಗಳಲ್ಲಿ ಕೆಲವನ್ನು ಹೊಲಿದು, ಕೆಲವಕ್ಕೆ ಹೀಗೆ ಬೆಸುಗೆ ಹಾಕಿ, ಒಂದೇ ಮೈಮೇಲೆ ಎರಡನ್ನೂ ಹೋಲಿಸಿ ನೋಡಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಹೆಜ್ಜೆ ಇದು. ಲೇಪವನ್ನು ಉತ್ತಮಪಡಿಸಿದವರು ಹಲವರಿದ್ದಾರೆ. ಕೈಯ ಅಂದಾಜನ್ನು ಅಳತೆಗೆ ತಂದವರು ಕಡಿಮೆ. ಈಚೆಗೆ ಸ್ವಿಟ್ಜರ್ಲೆಂಡಿನ ಎಂಪಾ ಮತ್ತು ಇಟಿಎಚ್ ಜ್ಯೂರಿಕ್ ಸಂಸ್ಥೆಗಳವರು ಥರ್ಮಾಮೀಟರನ್ನು ಲೇಪದೊಳಗೇ ಇಟ್ಟಿದ್ದಾರೆ. ಆಲ್ಬುಮಿನ್ ಮತ್ತು ಜೆಲಾಟಿನ್ ಲೇಪದಲ್ಲಿ ಎರಡು ಬಗೆಯ ಅತಿಸೂಕ್ಷ್ಮ ಕಣಗಳಿವೆ, ಒಂದು ಬೆಳಕನ್ನು ಬಿಸಿಯಾಗಿಸುತ್ತದೆ, ಇನ್ನೊಂದು ಆ ಬಿಸಿ ಎಷ್ಟೆಂದು ತನ್ನ ಹೊಳಪಿನಿಂದ ಹೇಳುತ್ತದೆ. ಬಿಸಿಮಾಡುವ ಕಣ ಟೈಟಾನಿಯಂ ನೈಟ್ರೈಡಿನದು. ಕೈಗಡಿಯಾರಗಳಿಗೆ ಚಿನ್ನದ ಬಣ್ಣ ಬರಲೆಂದು ಹಚ್ಚುವ ಲೇಪವೂ ಅದೇ. ನಿಮ್ಮ ಕಸುಬಿಗೆ ಕನ್ನ ಹಾಕಿದ ವಸ್ತು ನಮ್ಮ ಕಸುಬಿಗೂ ಬಂದಿದೆ.

ಇತಿಹಾಸ ಚಿಕ್ಕದಾಗಿ. 1979ರಲ್ಲಿ ಜೈನ್ ಮತ್ತು ಗೊರಿಶ್ ಎಂಬ ಇಬ್ಬರು ಇಲಿಯ ಸಣ್ಣ ರಕ್ತನಾಳಗಳನ್ನು ಯಾವ ಲೇಪವೂ ಇಲ್ಲದೆ, ಬರೀ ಲೇಸರಿನಿಂದ ಸರಿಪಡಿಸಿ ತೋರಿಸಿದರು. ಮಾಂಸವನ್ನೇ ಬೇಯಿಸಿ ಅಂಟಿಸುವ ಆ ವಿಧಾನದಲ್ಲಿ ಜೋಡಣೆ ದುರ್ಬಲ, ಸುಟ್ಟ ಅಂಚು ಹೆಚ್ಚು. 1988ರಲ್ಲಿ ಪೊಪಾಸ್ ಮತ್ತು ಸಂಗಡಿಗರು ಇಲಿಯ ಮೂತ್ರನಾಳಕ್ಕೆ ಮೊಟ್ಟೆಯ ಬಿಳಿಯ ಆಲ್ಬುಮಿನ್ ಹಚ್ಚಿ ಲೇಸರ್ ಹಾಯಿಸಿದರು. ನಂತರ ಮನುಷ್ಯರ ರಕ್ತದ ಆಲ್ಬುಮಿನ್ ಬಂತು, ಹಸಿರು ಬಣ್ಣ ಬಂತು. 2001ರಲ್ಲಿ ಅಮೆರಿಕದ ಮಕ್ಕಳ ಮೂತ್ರಾಂಗ ಶಸ್ತ್ರಚಿಕಿತ್ಸಕ ಆಂಡ್ರ್ಯೂ ಕಿರ್ಷ್ ತಂಡದವರು ಹೈಪೋಸ್ಪೇಡಿಯಸ್ ಇದ್ದ ಹುಡುಗರಲ್ಲಿ ಹೊಲಿಗೆ ಮತ್ತು ಬೆಸುಗೆಯನ್ನು ಹೋಲಿಸಿದ ಫಲಿತಾಂಶ ಪ್ರಕಟಿಸಿದರು. ಮೇಲೆ ಹೇಳಿದ ನೂರಕ್ಕೆ 50ರ ಲೇಪ, ಅರ್ಧ ವಾಟ್, 16 ವಾಟಿನ ಲೆಕ್ಕವೆಲ್ಲ ಅವರದೇ. ನಿಮ್ಮ ಭಾವನವರು ಓದಿದ ಬರಹದ ಬೇರು ಅದೇ ಇರಬೇಕು.

ಈ ಕಾಯಿಲೆಯಲ್ಲೇ ಯಾಕೆ ಪ್ರಯತ್ನಿಸಿದರು ಎಂಬುದಕ್ಕೆ ಒಳ್ಳೆಯ ಕಾರಣವಿದೆ. ನಾವು ಮಾಡುವುದು ಚರ್ಮದ ಪಟ್ಟಿಯನ್ನು ಸುರುಳಿ ಸುತ್ತಿ ಸಣ್ಣ ನಳಿಗೆ ಮಾಡುವ ಕೆಲಸ. ಕೂದಲೆಳೆಯ ದಪ್ಪದ ದಾರದಿಂದ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಹೊಲಿಯುತ್ತೇವೆ. ನೀವು ಮೂಗುತಿಯ ಹರಳು ಕೂರಿಸುವಾಗಿನ ಹಾಗೆಯೇ. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ಮೂತ್ರ ಸೋರಬಹುದಾದ ದಾರಿ. ಸೋರಿದ ಕಡೆ ಗಾಯ ಮಾಯದೆ, ಹೊರಗೆ ಇನ್ನೊಂದು ರಂಧ್ರವೇ ಉಳಿದುಬಿಡಬಹುದು. ಈ ಶಸ್ತ್ರಚಿಕಿತ್ಸೆಯ ಮುಖ್ಯ ತಲೆನೋವು ಅದು. ಬೆಸುಗೆಯಾದರೆ ತೂತು ಬಹಳ ಕಡಿಮೆ, ಆ ಕ್ಷಣದಿಂದಲೇ ನೀರು ಸೋರುವುದಿಲ್ಲ, ಹೊಲಿಯುವ ಸಮಯವೂ ಬಹಳ ಉಳಿಯುತ್ತದೆ. ಕಿರ್ಷ್ ತಂಡದವರು ಅಂಚುಗಳನ್ನು ಹೊಂದಿಸಲು ಮಾತ್ರ ಕೆಲವು ಹೊಲಿಗೆ ಹಾಕಿದರು, ಸಮಯ ಬಹಳ ಉಳಿಯಿತು.

ಹಾಗಾದರೆ ಯಾಕೆ ಹರಡಲಿಲ್ಲ? ಯಾರೋ ಕಂಪನಿಯವರು ಮುಚ್ಚಿಟ್ಟರು ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತಿದ್ದರೆ ನಂಬಬೇಡಿ. ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಕೈ. ಪಳಗಿದ ಕೈಯಲ್ಲಿ ಚೆನ್ನಾಗಿ ಬರುವ ಬೆಸುಗೆ ಇನ್ನೊಬ್ಬರ ಕೈಯಲ್ಲಿ ನನ್ನ ಆಡಿನ ಕರುಳಿನಂತಾಗುತ್ತದೆ. ಬಿಸಿಯನ್ನು ಅಳೆಯುವ ಯಂತ್ರವಿಲ್ಲದೆ ಇದನ್ನು ಎಲ್ಲರಿಗೂ ಕಲಿಸುವುದು ಕಷ್ಟ, ಯಂತ್ರವಿದ್ದರೆ ಅದರ ಬೆಲೆ ಕಷ್ಟ. ಎರಡನೆಯದು, ಮೊದಲ ಕೆಲವು ದಿನಗಳ ಬಲ. ಬೆಂದ ಆಲ್ಬುಮಿನ್ ಒದ್ದೆಯಲ್ಲಿ ನೆನೆದು ಮೆತ್ತಗಾಗುತ್ತದೆ, ಎಳೆತಕ್ಕೆ ದಾರದಷ್ಟು ನಿಲ್ಲುವುದಿಲ್ಲ. ಅದನ್ನು ಮೈ ವಾರಗಳಲ್ಲಿ ಕರಗಿಸಿಕೊಳ್ಳುತ್ತದೆ. ನಿಮ್ಮ ಬೆಸುಗೆ ಒಡವೆಯಲ್ಲಿ ತಲೆಮಾರು ಉಳಿಯಬೇಕು, ನಮ್ಮದು ಕೆಲಸ ಮುಗಿಸಿ ಮಾಯವಾಗಬೇಕು, ಆದರೆ ಗಾಯ ಮಾಯುವ ಮುನ್ನ ಅಲ್ಲ. ಮೂರನೆಯದು, ಪೈಪೋಟಿ. 1998ರಲ್ಲಿ ಅಮೆರಿಕದಲ್ಲಿ ಚರ್ಮದ ಗಾಯಕ್ಕೆ ಹಚ್ಚುವ ಸಯನೊಆಕ್ರಿಲೇಟ್ ಅಂಟಿಗೆ ಅನುಮತಿ ಸಿಕ್ಕಿತು. ಪುಟ್ಟ ಕೊಳವೆ ಒಡೆದು ಹಚ್ಚಿದರೆ ಮುಗಿಯಿತು, ಯಂತ್ರವೂ ಬೇಡ, ಕನ್ನಡಕವೂ ಬೇಡ. ತಾಮ್ರದ ಕೊಡದ ತೂತಿಗೆ ನಮ್ಮ ಅಜ್ಜಿಯಂದಿರು ಹಲಸಿನ ಮೇಣ ಮೆತ್ತಿದಷ್ಟೇ ಸುಲಭ. ಮೂತ್ರನಾಳದ ಒಳಗೆ ಅದನ್ನು ಹಾಕುವಂತಿಲ್ಲ ಎಂಬುದು ಬೇರೆ ಮಾತು. ಆದರೆ ಲೇಸರಿಗೆ ಸಿಗಬಹುದಾಗಿದ್ದ ದೊಡ್ಡ ಮಾರುಕಟ್ಟೆ, ಅಂದರೆ ಚರ್ಮದ ಗಾಯ, ಅದರಿಂದಾಗಿ ಕೈತಪ್ಪಿತು. ಇನ್ನು ಹೈಪೋಸ್ಪೇಡಿಯಸ್ ಹೊಲಿಗೆಯೇ ಬಹಳ ಸುಧಾರಿಸಿತು. 1994ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ವಾರೆನ್ ಸ್ನಾಡ್‌ಗ್ರಾಸ್ ವಿವರಿಸಿದ ವಿಧಾನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಿಮ್ಮ ಮಗನಿಗೂ ಬಹುಶಃ ಅದನ್ನೇ ಮಾಡುತ್ತಾರೆ.

ಈಗ ನಿಮ್ಮ ತಾಯಿಯವರ ಮಾತು. ಅವರು ಕೇಳಿದ್ದು ಪೂರ್ತಿ ತಪ್ಪಲ್ಲ. ಪ್ರಯೋಗಾಲಯಗಳಲ್ಲಿ ದನದ ರಕ್ತದ ಆಲ್ಬುಮಿನ್ನೇ ಹೆಚ್ಚು, ಯಾಕೆಂದರೆ ಅದು ಅಗ್ಗ. ಮಕ್ಕಳಲ್ಲಿ ಬಳಸಿದ್ದು ಮಾತ್ರ ಮನುಷ್ಯರು ದಾನ ಕೊಟ್ಟ ರಕ್ತದಿಂದ ತೆಗೆದದ್ದು. ಅದನ್ನು ವೈರಸ್ ಸಾಯಲೆಂದು 60 ಡಿಗ್ರಿಯಲ್ಲಿ 10 ಗಂಟೆ ಕಾಯಿಸುತ್ತಾರೆ. ಅಷ್ಟು ಕಾಯಿಸಿದರೂ ಅದು ಗಿಣ್ಣಿನಂತೆ ಕೂರದಿರುವುದಕ್ಕೆ ಅದರಲ್ಲಿ ಕಾವಲಿಗೆ ಹಾಕುವ ವಸ್ತುಗಳಲ್ಲಿ ಒಂದು ಕ್ಯಾಪ್ರಿಲಿಕ್ ಆಮ್ಲದ ಲವಣ. ಆ ಆಮ್ಲ ನಮ್ಮ ತೆಂಗಿನೆಣ್ಣೆಯಲ್ಲೂ ಇದೆ. ತೆಂಗಿನ ಸಂಶೋಧನೆಗೆ ಹೆಸರಾದ ಕಾಸರಗೋಡಿನಲ್ಲಿ ಕುಳಿತು ಇದನ್ನು ಹೇಳದೆ ಇರಲಾಗಲಿಲ್ಲ. ಅದು ಆಲ್ಬುಮಿನ್ನಿನ ಮಡಿಕೆಗಳೊಳಗೆ ಸೇರಿಕೊಂಡು ಬಿಚ್ಚಿಕೊಳ್ಳದಂತೆ ಹಿಡಿಯುತ್ತದೆ. ಬೆಸುಗೆಗೆ ಈ ಕಾವಲೇ ಅಡ್ಡಿ, ಅದಕ್ಕೇ ಲೇಪ ಮಾಡುವ ಮೊದಲು ಅದನ್ನು ಸೋಸಿ ತೆಗೆಯುವವರಿದ್ದಾರೆ.

ನಿಮ್ಮ ಮಗನಿಗೆ ಲೇಸರ್ ಬೆಸುಗೆ ಹಾಕುವುದಿಲ್ಲವಾದ್ದರಿಂದ ಈ ಚಿಂತೆ ಸದ್ಯಕ್ಕೆ ಬೇಡ. ಆದರೆ ಪ್ರಶ್ನೆ ನ್ಯಾಯವಾದದ್ದು, ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಕೇಳಲೇಬೇಕಾದದ್ದು. ದೊಡ್ಡ ರಕ್ತನಾಳಗಳ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಬಯೋಗ್ಲೂ ಎಂಬ ಅಂಟಿನಲ್ಲಿ ದನದ ಆಲ್ಬುಮಿನ್ ಇದೆ. ಹಳೆಯ ಕಾಲದ ಕ್ಯಾಟ್‌ಗಟ್ ಹೊಲಿಗೆದಾರ ಕುರಿ, ದನಗಳ ಕರುಳಿನದ್ದು. ನಮ್ಮ ಅಜ್ಜಂದಿರ ಮೈಯಲ್ಲಿ ಯಾರಿಗೂ ಹೇಳದೆ ಅದು ಕರಗಿಹೋಗಿದೆ. ಈಗ ಮಕ್ಕಳ ಈ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಬಳಸುವುದು ಕಾರ್ಖಾನೆಯಲ್ಲಿ ಮಾಡಿದ, ತಾನಾಗಿ ಕರಗುವ ದಾರ. ಪ್ರಾಣಿಮೂಲದ್ದು ಬೇಡವೆಂದು ಮೊದಲೇ ಹೇಳಿದರೆ ಯಾವ ವೈದ್ಯರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೆದ್ದಾರಿಯುದ್ದಕ್ಕೂ 'ಹೊಲಿಗೆಯಿಲ್ಲದ ಲೇಸರ್ ಚಿಕಿತ್ಸೆ' ಎಂಬ ಫಲಕಗಳು ಕಾಣುತ್ತವೆ. ಅವು ಮೂಲವ್ಯಾಧಿ, ಭಗಂದರ, ಉಬ್ಬಿದ ರಕ್ತನಾಳಗಳಿಗೆ. ಅಲ್ಲಿ ಲೇಸರ್ ಮಾಡುವುದು ಸುಟ್ಟು ಮುಚ್ಚುವ ಕೆಲಸ. ನಿಮ್ಮ ಪ್ರಶ್ನೆಯ ಬೆಸುಗೆಗೂ ಅದಕ್ಕೂ ಸಂಬಂಧವಿಲ್ಲ.

ಮಂಗಳೂರಿನ ವೈದ್ಯರಲ್ಲಿ ಲೇಸರ್ ಇದೆಯೇ ಎಂದು ಕೇಳಬೇಡಿ. ಈ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಕ್ಕಳಿಗೆ ಮಾಡುತ್ತೀರಿ, ಎಷ್ಟು ಮಂದಿಗೆ ಸೋರಿಕೆಯಾಗಿ ಎರಡನೇ ಬಾರಿ ಮಾಡಬೇಕಾಗಿ ಬಂದಿದೆ ಎಂದು ಕೇಳಿ. ನಿಮ್ಮ ಕಸುಬಿನಲ್ಲಿದ್ದಂತೆ ಇಲ್ಲಿಯೂ ಉಪಕರಣಕ್ಕಿಂತ ಪಳಗಿದ ಕೈ ಮುಖ್ಯ. ಇದನ್ನು ಓದುವ ಇತರರಿಗೂ ಒಂದು ಮಾತು: ಹೈಪೋಸ್ಪೇಡಿಯಸ್ ಇರುವ ಮಗುವಿಗೆ ಸುನ್ನತಿ ಮಾಡಿಸಬಾರದು, ಬೇರೆ ಯಾವ ಕಾರಣಕ್ಕೂ ಮುಂದೊಗಲನ್ನು ಮೊದಲೇ ತೆಗೆಸಬಾರದು. ನಳಿಗೆ ಕಟ್ಟಲು, ಅದನ್ನು ಮುಚ್ಚಲು ನಮಗೆ ಬೇಕಾದ ಚರ್ಮ ಅಲ್ಲೇ ಇರುವುದು. ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಇದು ತಿಳಿಯದೆ ತೊಂದರೆಯಾಗಿದೆ.

ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಒಂದು ವಾರದಷ್ಟು ಕಾಲ ಮೂತ್ರ ಹೋಗಲು ಸಣ್ಣ ಕೊಳವೆ ಇಟ್ಟಿರುತ್ತಾರೆ. ಬದಿಯಡ್ಕದಿಂದ ದಿನಾ ಓಡಾಡುವುದಕ್ಕಿಂತ, ತಲಪಾಡಿಯಾಚೆ ನೆಂಟರ ಮನೆಯಿದ್ದರೆ ಅಲ್ಲಿ ಉಳಿದುಕೊಳ್ಳಿ. ಕೊಳವೆ ಜಾರಿದರೆ ಅಥವಾ ಮೂತ್ರ ನಿಂತರೆ ಆಸ್ಪತ್ರೆ ಹತ್ತಿರವಿರಬೇಕು. ಡಯಪರನ್ನು ಎರಡು ಅಳತೆಯಲ್ಲಿ ತೆಗೆದುಕೊಂಡು ಹೋಗಿ, ಮಾಮೂಲಿನದ್ದು ಒಂದು, ಅದಕ್ಕಿಂತ ದೊಡ್ಡದು ಇನ್ನೊಂದು. ಒಳಗಿನದಕ್ಕೆ ತೂತು ಮಾಡಿ ಕೊಳವೆಯ ತುದಿಯನ್ನು ಹೊರಗಿನದರೊಳಗೆ ಬಿಡುತ್ತಾರೆ. ಮಲ ಒಳಗಿನದರಲ್ಲೇ ಉಳಿಯುತ್ತದೆ, ಮೂತ್ರ ಹೊರಗಿನದಕ್ಕೆ ಹೋಗುತ್ತದೆ. ದಾದಿಯರು ಒಮ್ಮೆ ತೋರಿಸುತ್ತಾರೆ. ಮನೆಯಲ್ಲಿ ಆ ಕೆಲಸವನ್ನು ನೀವೇ ವಹಿಸಿಕೊಳ್ಳಿ, ಸಣ್ಣ ವಸ್ತು ಹಿಡಿದು ಅಭ್ಯಾಸವಿರುವ ಕೈ ನಿಮ್ಮದು.